ಕೋಡಿ ಕುಷ್ಟನ ಬಂದೋಬಸ್ತು

ಕುಷ್ಟ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ಮಗುಚುತ್ತಿವೆ, ತೆಗೆಸಿಕೊಡಿ ಎಂದು ಕೇಳಲು ಕೋಡಿಯಿಂದ ಕುಂದಾಪುರಕ್ಕೆ ಮೆರವಣಿಗೆ ಹೊರಡುವುದೆಂದು ತೀರ್ಮಾನವಾಗಿತ್ತು. ಬಂದೋಬಸ್ತಿಗೆ ಎಷ್ಟು ಪೊಲೀಸರು ಬೇಕೆಂದು ಠಾಣೆಯ ಸಾಹೇಬರು ಸಭೆಯಲ್ಲಿ ಕೇಳಿದ್ದೇ ತಡ, ಹಿಂದಿನ ಸಾಲಿನಲ್ಲಿದ್ದ ಈ ಮಹಾರಾಯ ಎದ್ದು ನಿಂತ.

“ಪೊಲೀಸ್ರ್ ಎಂತಕೆ? ನೀರಗೆ ಒಬ್ರನ್ನೊಬ್ರ್ ಕಾಯ್ತಿಲ್ಯಾ ನಾವ್? ರಸ್ತೆ ಮೇಲ್ ಕಾಯುಕಾತಿಲ್ಯಾ?”

ಚಪ್ಪಾಳೆಯೋ ಚಪ್ಪಾಳೆ! ಸಾಹೇಬರು ನಗುತ್ತಲೇ ಒಂದು ಕಾಗದ ಮುಂದಿಟ್ಟರು. ಒಬ್ಬನಿಗೆ ಗಾಯವಾದರೂ ಕುಷ್ಟನೇ ಹೊಣೆ, ಕೋಡಿಯವರಿಗೆ ಮುಂದೆ ಮೆರವಣಿಗೆಯ ಅನುಮತಿಯೇ ಇಲ್ಲ ಎಂದು ಅದರಲ್ಲಿತ್ತು. ಕುಷ್ಟ ಸಹಿ ಹಾಕಿದ.

“ಬಲ್ಬ್ ಹಾಕ್ ಅಂದ್ರೆ ಏಣಿ ಸಮೇತ ಬೀಳು ಜನ, ಸಾವ್ರ ಜನ್ರನ್ನ್ ಕಾಯ್ತ್ರಂಬ್ರ್!” ಎಂದಳು ಹೆಂಡತಿ ಜಲಜ. ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವವಳು, ಅವಳ ಮಾತಿಗೆ ಊರೇ ಹೆದರುತ್ತಿತ್ತು. ಬೈದರೂ ಮರುದಿನ ಬೆಳಿಗ್ಗೆ ಮೆರವಣಿಗೆ ಹೊರಡುವಾಗ ನಲವತ್ತು ಮೀನುಗಾರ ಹೆಂಗಸರನ್ನು ಕಾವಲಿಗೆ ಕರೆತಂದಳು.

ಕುಷ್ಟನ ಯೋಜನೆ ಸುಲಭದ್ದು. ಕಡಲಿಂದ ದಡಕ್ಕೆ ಕೈರಂಪಣಿ ಬಲೆ ಎಳೆಯುವ ದಪ್ಪ ಹಗ್ಗವನ್ನು ಮೆರವಣಿಗೆಯ ಎಡಬಲಕ್ಕೆ ಹಿಡಿಯುವುದು, ಹಗ್ಗದ ಒಳಗೆ ಜನ, ಹೊರಗೆ ವಾಹನ. ಸೇತುವೆ ದಾಟುವವರೆಗೆ ಎಷ್ಟು ಚೆಂದ ನಡೆಯಿತೆಂದರೆ ಬಸ್ಸಿನವರೂ ನಿಲ್ಲಿಸಿ ಕೈಮುಗಿದರು. ಬಿಸಿಲಿಗೆ ತಲೆತಿರುಗಿದ ಅಜ್ಜಿಗೆ ಹೆಂಗಸರು ನೀರು ಕುಡಿಸಿದರು, ಆಂಬುಲೆನ್ಸಿಗೆ ಅರೆನಿಮಿಷದಲ್ಲಿ ದಾರಿ ಬಿಟ್ಟರು. ಕುಷ್ಟನ ಎದೆ ಪಾತಿದೋಣಿಯ ಹಾಯಿಯಂತೆ ಉಬ್ಬಿತು.

ಎಡವಟ್ಟಾದದ್ದು ಪೇಟೆಯಲ್ಲಿ. ಘೋಷಣೆ ಕೂಗುತ್ತಿದ್ದವನು ಪಾಂಡು, ಮೂವತ್ತು ವರ್ಷದಿಂದ ಬಲೆ ಎಳೆಸುವಾಗ ಕೂಗು ಹಾಕುವ ಆಸಾಮಿ. “ಹೂಳು ತೆಗೆಯಿರಿ” ಎನ್ನುತ್ತ ಎನ್ನುತ್ತ ಅವನ ರಾಗ ತಾನಾಗಿ ಬಲೆಯ ಕೂಗಿಗೆ ಜಾರಿತು. ಅಷ್ಟೇ ಸಾಕಾಯಿತು! ಹಗ್ಗ ಹಿಡಿದಿದ್ದ ಇನ್ನೂರು ಕೈಗಳು ಅಭ್ಯಾಸಬಲದಿಂದ “ಐಸಾ!” ಎಂದು ಹಿಂದಕ್ಕೆ ಎಳೆಯತೊಡಗಿದವು. ಮೆರವಣಿಗೆ ಕುಂದಾಪುರ ಬಿಟ್ಟು ಕೋಡಿ ಕಡೆಗೇ ತಿರುಗಿ ಹೊರಟಿತು. ನಡುವಿನ ಜನವೆಲ್ಲ ಬಲೆಯೊಳಗಿನ ಬೂತಾಯಿ ಮೀನಿನ ಹಾಗೆ ಒತ್ತೊತ್ತಾದರು.

ಅದೇ ಹೊತ್ತಿಗೆ, ವ್ಯಾಪಾರ ಹಾಳಾಯಿತೆಂದು ಬೈಯಲು ಅಂಗಡಿಯಿಂದ ಇಳಿದು ಬಂದಿದ್ದ ವರ್ತಕರ ಮುಖಂಡ ಭೋಜರಾಜರೂ ಹಗ್ಗದೊಳಗೆ ಸಿಕ್ಕಿಬಿದ್ದರು.

“ಹಗ್ಗ ಬಿಡಿನಿ! ಬಿಡಿನಿ ಮಾರಾಯ್ರೆ!” ಕುಷ್ಟ ಸೀಟಿ ಊದಿ ಊದಿ ಸುಸ್ತಾದ. ಎಳೆಯುವ ಹಗ್ಗವನ್ನು ಅರ್ಧಕ್ಕೆ ಬಿಟ್ಟವನು ಕೋಡಿಯಲ್ಲಿ ಇನ್ನೂ ಹುಟ್ಟಿಲ್ಲ. ಕೊನೆಗೆ ಅವನಿಗೇ ಹೊಳೆಯಿತು. ಕಟ್ಟೆ ಹತ್ತಿ ಗಂಟಲು ಹರಿಯುವಂತೆ ಕೂಗಿದ: “ಬಲೆ ದಡಕ್ ಬಂತ್!”

ಇನ್ನೂರು ಕೈಗಳೂ ಒಟ್ಟಿಗೆ ಹಗ್ಗ ಬಿಟ್ಟವು.

ಒಂದು ಚಪ್ಪಲಿ ಕಳೆದುಕೊಂಡ ಭೋಜರಾಜರು ಕೆಂಡವಾಗಿದ್ದರು. “ಮೀನು ನಾತದವ್ರಿಗೆ ರಸ್ತೆ ಎಂತಕೆ!” ಎಂದುಬಿಟ್ಟರು. ಗಂಡಸರು ತೋಳೇರಿಸಿ ಮುನ್ನುಗ್ಗಿದರು. ಕುಷ್ಟ ಓಡಿಹೋಗಿ ಭೋಜರಾಜರಿಗೆ ಅಡ್ಡ ನಿಂತ.

“ಬೈದದ್ದ್ ನಂಗೂ ಕೇಂಡಿತ್. ಆರೆ ಇವ್ರ್ ಹಗ್ಗದ ಒಳ್ಗೆ ಇಪ್ಪವ್ರ್. ಒಳ್ಗೆ ಇದ್ದವ್ರ್ ಯಾರೇ ಆಯ್ಲಿ, ಅವ್ರ್ ನಮ್ಮ್ ಜವಾಬ್ದಾರಿ. ಹೊಡುದಾರೆ ಮೊದ್ಲ್ ನಂಗ್ ಹೊಡಿನಿ.”

ಯಾರೂ ಕೈ ಎತ್ತಲಿಲ್ಲ. ಜಲಜ ಜನರ ಕಾಲಡಿಯಿಂದ ಚಪ್ಪಲಿ ಹುಡುಕಿ ತಂದಳು, ನಾಲ್ಕು ಹೆಂಗಸರು ಭೋಜರಾಜರನ್ನು ಸುತ್ತುವರಿದು ಅಂಗಡಿ ಮೆಟ್ಟಿಲಿನವರೆಗೆ ಬಿಟ್ಟು ಬಂದರು. ಮೆರವಣಿಗೆ ಮತ್ತೆ ಮುಂದೆ ಸಾಗಿ ತಾಲೂಕು ಕಚೇರಿಗೆ ಮನವಿ ಸಲ್ಲಿಕೆಯಾಯಿತು, ತಿಂಗಳೊಳಗೆ ಹೂಳೆತ್ತುವ ಮಾತೂ ಸಿಕ್ಕಿತು. ಸರ್ಕಲ್ಲಿನಾಚೆ ಜೀಪಿನಲ್ಲಿ ಕೂತಿದ್ದ ಸಾಹೇಬರು ಇಳಿದು ಬಂದು ಕುಷ್ಟನ ಕೈ ಕುಲುಕಿದರು. ನಮ್ಮ ಕೋಡಿಯ ಜನ ಅಂದರೆ ಸುಮ್ಮನೆಯಾ!

ಸಂಜೆ ಮನೆಯಂಗಳಕ್ಕೆ ಒಂದು ಸ್ಕೂಟರ್ ಬಂತು. ಭೋಜರಾಜರು! ಕುಷ್ಟ ಗಡಬಡಿಸಿ ಎದ್ದು ನಿಂತ.

“ಹ್ವಾಯ್ ಕುಷ್ಟ, ಬೈದದ್ದ್ ನಂದ್ ತಪ್ಪ್. ಇವತ್ತ್ ನೀ ಅಡ್ಡ ನಿಂತದ್ದ್ ಜನ್ಮಕ್ಕೂ ಮರುದಿಲ್ಲ. ನಾಡಿದ್ದ್ ನಮ್ಮ್ ವರ್ತಕರ ಮೆರವಣಿಗೆ. ಪೊಲೀಸ್ರ್ ಬ್ಯಾಡ, ಕುಷ್ಟನ ಹಗ್ಗವೇ ಆಯ್ಕ್ ಅಂತ ಎಲ್ರೂ ಹೇಳ್ತಿದ್ರ್.”

ಕುಷ್ಟ ಉಬ್ಬಿಹೋದ. “ಬತ್ತೆ, ಬತ್ತೆ! ಮಾತ್ ಕೊಟ್ಟೆ! ಎಂತಕ್ ಮೆರವಣಿಗೆ?”

ಭೋಜರಾಜರು ಕೆಮ್ಮಿದರು. “ಅದೇ... ಅಂಗಡಿ ಎದ್ರ್ ಬುಟ್ಟಿ ಇಟ್ಕಂಡ್ ಮೀನ್ ಮಾರು ಹೆಂಗ್ಸ್ರನ್ನ್ ಅಲ್ಲಿಂದ ಎಬ್ಸ್ಕ್ ಅಂತ.”

ಜಲಜ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕುಷ್ಟ ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

“ಮಾತ್ ಕೊಟ್ಟದ್ದಲ್ದಾ, ಹೋಯ್ನಿ,” ಎಂದಳು ಜಲಜ. “ಒಬ್ರ್ ಮೈಮೇಲೂ ಗೀರ್ ಬೀಳುಕಾಗ. ಆರೆ ಭೋಜರಾಜಣ್ಣ, ನಾಡಿದ್ದ್ ನಿಮ್ಮ್ ಎದ್ರಿಗೇ ನಮ್ಮ್ ಹೆಂಗ್ಸ್ರ್ ಮೆರವಣಿಗೆಯೂ ಬತ್ತ್. ನಮ್ಗೂ ಪೊಲೀಸ್ರ್ ಬ್ಯಾಡ. ಇವ್ರೇ ಮಧ್ಯ ನಿಂತ್ಕಂಡ್ ಎರಡನ್ನೂ ಕಾಯ್ಲಿ.”

“ಅಡ್ಡಿಲ್ಲೆ,” ಎಂದರು ಭೋಜರಾಜರು.

ಕುಷ್ಟ ಒಮ್ಮೆ ಇವರನ್ನು, ಒಮ್ಮೆ ಅವಳನ್ನು ನೋಡಿದ.

“ಎರಡ್ ಮೆರವಣಿಗೆಯನ್ನೂ ನಾನ್ ಕಾಯ್ತೆ, ಸೈ. ನನ್ನನ್ನ್ ಕಾಯುದ್ ಯಾರ್ ಮಾರಾಯ್ರೆ?”