ನನ್ನ ಮುಖಕ್ಕೆ ಅಂಟಿಕೊಂಡ ಹಸ್ತಪ್ರತಿಯ ವಿಚಾರವಾಗಿ

'ಬಿಡೆನು' ಅಂಟು ಕಾರ್ಖಾನೆಯ ವ್ಯವಸ್ಥಾಪಕರಿಗೆ,

ಹಿಡಿದದ್ದನ್ನು ಬಿಡದ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ಕಾರ್ಖಾನೆಯಲ್ಲಿ ಕುದಿಯುತ್ತಿರುವ ಸಮಸ್ತ ಕೊಪ್ಪರಿಗೆಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಮೂವತ್ತೆಂಟು ವರ್ಷ ಮೇಷ್ಟರಾಗಿದ್ದು ನಿವೃತ್ತನಾಗಿರುವ ನಾನು ಮಾತಿಗೆ ತಪ್ಪಿದವರ ಮೇಲೆ ಅನೇಕ ದೂರುಗಳನ್ನು ಬರೆದಿದ್ದೇನೆ. ಮಾತು ಉಳಿಸಿಕೊಂಡವರ ಮೇಲೆ ಬರೆಯುತ್ತಿರುವುದು ಇದೇ ಮೊದಲು. 'ಅಂಟಿದರೆ ಬಿಡದು' ಎಂದು ತಮ್ಮ ಸೀಸೆಯ ಮೇಲೆ ಅಚ್ಚಾಗಿದೆ. ಅಂಟಿತು. ಬಿಡುತ್ತಿಲ್ಲ. ಇದೇ ನನ್ನ ದೂರು.

ನನ್ನ ಹೆಂಡತಿ ಆರು ತಿಂಗಳಿನಿಂದ ವಾಚನಾಲಯದ ಮಹಡಿಯಲ್ಲಿ ನಡೆಯುವ ಮಿಶ್ರಮಾಧ್ಯಮ ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದಾಳೆ. ಬಣ್ಣವೊಂದನ್ನೇ ನಂಬಿ ಕೂರದೆ, ಕಾಗದ, ಬಟ್ಟೆ, ದಾರ, ತಂತಿ ಎಂದು ಕೈಗೆ ಸಿಕ್ಕದ್ದನ್ನೆಲ್ಲ ಹಲಗೆಗೆ ಅಂಟಿಸಿ ಮನುಷ್ಯರ ಮುಖ ಕಟ್ಟುವ ಈ ವಿದ್ಯೆಯಲ್ಲಿ, ಮೊದಲ ಭಾವಚಿತ್ರಕ್ಕೆ ಆಕೆ ಆರಿಸಿಕೊಂಡದ್ದು ನನ್ನನ್ನು. ನನ್ನ ಹುಬ್ಬೂ ಮೀಸೆಯೂ ಬೂಟುಜ್ಜುವ ಬ್ರಷ್ಷಿನ ಕೂದಲಿನವು. ಕಿವಿಗಳು ಔಷಧದ ಡಬ್ಬಿಯ ರಟ್ಟಿನವು. ಕನ್ನಡಕ ತಾಮ್ರದ ತಂತಿಯದು. ಗದ್ದಕ್ಕೆ ಮಾತ್ರ ಮರಳುಕಾಗದ ಹಾಕಿ, "ಕ್ಷೌರ ಮಾಡ್ಕೊಳ್ದೇ ಇರೋ ದಿನ ಹೀಗೇ ಇರುತ್ತೆ, ಮುಟ್ಟಿ ನೋಡಿ" ಎಂದಳು. ಮುಟ್ಟಿದೆ. ಹಾಗೆಯೇ ಇತ್ತು. ಇಲ್ಲಿಯವರೆಗೆ ನನ್ನ ಆಕ್ಷೇಪವೇನೂ ಇಲ್ಲ.

ಆಕ್ಷೇಪವಿರುವುದು ಚರ್ಮದ ಬಗ್ಗೆ. ಹರಿದ ಕಾಗದದ ಚೂರುಗಳನ್ನು ಚಹಾದಲ್ಲಿ ಅದ್ದಿ, ಒಣಗಿಸಿ, ತಮ್ಮ ಅಂಟಿನಿಂದ ಒಂದರ ಪಕ್ಕ ಒಂದನ್ನು ಕೂರಿಸಿ ಆ ಚರ್ಮವನ್ನು ಮಾಡಲಾಗಿದೆ. ಆ ಕಾಗದವಾದರೋ ಹನ್ನೊಂದು ವರ್ಷ ಕೂತು ನಾನು ಬರೆದ 'ಪತ್ರಲೇಖನ ಕೈಪಿಡಿ'ಯ ಏಕೈಕ ಹಸ್ತಪ್ರತಿ. ಪ್ರತಿ ಪುಟವನ್ನೂ ತಿದ್ದಿ, ಇನ್ನು ತಪ್ಪಿಲ್ಲವೆಂದು ಖಾತರಿಯಾದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೀಟು ಎಳೆಯುವುದು ನನ್ನ ಪದ್ಧತಿ. ಇದು ಮುಗಿಯಿತು, ಇನ್ನು ಯಾರೂ ಮುಟ್ಟಕೂಡದು ಎಂಬುದು ಅದರ ಅರ್ಥ. ಗೀಟು ಬಿದ್ದ ಪುಟಗಳನ್ನು ರದ್ದಿಯೆಂದು ತಿಳಿದು ಹರಿದೆಯಲ್ಲ ಎಂದು ನಾನು ಕೂಗಾಡಿದಾಗ ಹೆಂಡತಿ, "ಕೆಂಪು ಗೀಟು ಅಂದ್ರೆ ಬೇಡದ್ದು ಅಂತ ಊರಿಗೆಲ್ಲ ಕಲಿಸಿದೋರು ಯಾರು? ನಾನಾ?" ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರ ಹೊಳೆದ ಕೂಡಲೇ ತಮಗೂ ತಿಳಿಸುತ್ತೇನೆ.

ಸದ್ಯ ಅಭಿನಂದನಾ ಪತ್ರಗಳು ನನ್ನ ಹಣೆಯ ಮೇಲೂ, ರಜೆಯ ಅರ್ಜಿಗಳು ಮೂಗಿನ ಇಕ್ಕೆಲದಲ್ಲೂ ಇವೆ. ದೂರಿನ ಪತ್ರಗಳ ಅಧ್ಯಾಯ ಅರ್ಧ ಎಡಗೆನ್ನೆಯಲ್ಲಿದ್ದು ಉಳಿದರ್ಧ ಮೀಸೆಯಡಿಗೆ ಹೋಗಿರುವುದರಿಂದ ಈ ಪತ್ರದ ಕ್ರಮದಲ್ಲಿ ಲೋಪವಿದ್ದರೆ ಮನ್ನಿಸಬೇಕು. ಚಿತ್ರ ನೋಡಲು ಬಂದ ಭಾವಮೈದುನ, "ಭಾವ, ನಿಮ್ಮ ಮುಖ ಓದೋಕೆ ಅಕ್ಕನಿಗೆ ನಲವತ್ತು ವರ್ಷ ಹಿಡೀತು, ನಂಗೆ ಐದೇ ನಿಮಿಷ" ಎಂದು ನಕ್ಕು ಹೋದ. ತಿಂಗಳ ಕೊನೆಗೆ ಹಸ್ತಪ್ರತಿ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದ ಮುದ್ರಕರು, "ಎಲ್ಲೀವರೆಗೆ ಬಂತು ಮೇಷ್ಟ್ರೇ?" ಎಂದಾಗ, "ಒಣಗ್ತಾ ಇದೆ" ಎಂದೆ. ಸುಳ್ಳು ಹೇಳುವುದು ನನ್ನ ಅಭ್ಯಾಸವಲ್ಲ.

ಹಬೆ ಹಿಡಿದರೆ ಚೂರುಗಳು ಬಿಟ್ಟುಕೊಳ್ಳಬಹುದೆಂದು ಪುಸ್ತಕ ಕಟ್ಟುವವರೊಬ್ಬರು ಹೇಳಿದರು. ಆದರೆ ಈ ಭಾನುವಾರ ವಾಚನಾಲಯದ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾಗಿಯೇ ತೂಗುಹಾಕಲು ಆರಿಸಿರುವುದು ಇದೇ ಚಿತ್ರವನ್ನು. ಅರವತ್ಮೂರನೆಯ ವಯಸ್ಸಿನಲ್ಲಿ ನನ್ನ ಹೆಂಡತಿಯ ಹೆಸರು ಮೊದಲ ಬಾರಿಗೆ ಗೋಡೆಯೇರುವುದಿದೆ. ಹಬೆ ತಾಕಿದರೆ ಪುಸ್ತಕ ಉಳಿದೀತು, ಮುಖ ಉಳಿಯದು. "ನಿಮ್ಮ ಹನ್ನೊಂದು ವರ್ಷದ ಮುಂದೆ ನನ್ನ ಆರು ತಿಂಗಳು ಏನು ಮಹಾ, ಬಿಡಿಸ್ಕೊಳ್ಳಿ" ಎಂದು ಆಕೆಯೇ ಒಲೆಯ ಮೇಲೆ ನೀರಿಟ್ಟು ಆಚೆ ತಿರುಗಿ ನಿಂತಳು. ನೀರು ಕುದಿಯಿತು. ಹಲಗೆಯ ಮೇಲಿನ ನಾನು ಬ್ರಷ್ಷಿನ ಹುಬ್ಬೆತ್ತಿ ನನ್ನನ್ನೇ ನೋಡುತ್ತಿದ್ದೆ. ತುಟಿಯಂಚಿನಲ್ಲಿ, ನಮ್ಮ ಮನೆಯ ಕನ್ನಡಿ ಈವರೆಗೆ ತೋರಿಸದ ಸಣ್ಣದೊಂದು ನಗುವಿತ್ತು. ಬಗ್ಗಿ ನೋಡಿದರೆ, ಅದನ್ನು ಮಾಡಿದ್ದು ನನ್ನದೇ ಕೆಂಪು ಗೀಟಿನ ತುಣುಕಿನಿಂದ. ಆ ನೀರಿನಲ್ಲಿ ಚಹಾ ಮಾಡಿಕೊಂಡು ಇಬ್ಬರೂ ಕುಡಿದೆವು.

ಆದುದರಿಂದ, ಮುಖವನ್ನು ಹಿಡಿದುಕೊಂಡು ಅಕ್ಷರಗಳನ್ನಷ್ಟೇ ಬಿಟ್ಟುಕೊಡುವಂಥ ವಿವೇಕವನ್ನು ತಮ್ಮ ಅಂಟಿಗೆ ಆದಷ್ಟು ಬೇಗ ಕಲಿಸಿಕೊಡಬೇಕಾಗಿ ವಿನಂತಿ. ಪಾಠಕ್ಕೆ ಮೇಷ್ಟರು ಬೇಕಿದ್ದರೆ ನಾನು ಬಿಡುವಾಗಿಯೇ ಇದ್ದೇನೆ. ಅಲ್ಲಿಯವರೆಗೆ ನಮ್ಮ ವ್ಯವಸ್ಥೆ ಹೀಗಿದೆ: ಹೆಂಡತಿ ಭೂತಗನ್ನಡಿ ಹಿಡಿದು, ತಲೆಕೆಳಗಾದ ಸಾಲು ಬಂದಾಗಲೆಲ್ಲ ನನ್ನನ್ನೂ ತಲೆಕೆಳಗು ಮಾಡಿ, ಕೆನ್ನೆಯಿಂದ ಕೆನ್ನೆಗೆ ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಮೀಸೆಯಡಿಯದನ್ನು ನೆನಪಿನಿಂದ ಬರೆದಿದ್ದೇನೆ. ಮೊದಲಿಗಿಂತ ಚಿಕ್ಕದಾಗಿದೆ, ಒಪ್ಪಬೇಕಾದ ಮಾತೆಂದರೆ, ಚೆನ್ನಾಗಿಯೂ ಇದೆ.

ಇಡೀ ಕೈಪಿಡಿಯಲ್ಲಿ ಹರಿಯದೆ ಉಳಿದ ಪುಟ ಒಂದೇ. 'ಹೆಂಡತಿಗೆ ಪತ್ರ' ಎಂಬ ತಲೆಬರಹದ ಕೆಳಗೆ ಸಂಬೋಧನೆ ಬರೆದು, ಮುಂದೇನೆಂದು ತೋಚದೆ, ಹನ್ನೊಂದು ವರ್ಷದಿಂದ ಹಾಗೆಯೇ ಬಿಟ್ಟಿದ್ದೆ. "ಇದಕ್ಕೆ ಗೀಟು ಬಿದ್ದಿರ್ಲಿಲ್ಲ, ಮುಟ್ಲಿಲ್ಲ" ಎಂದು ಆಕೆ ಅದನ್ನು ಜೋಪಾನವಾಗಿ ನನ್ನ ಮೇಜಿನ ಮೇಲಿಟ್ಟಿದ್ದಳು. ಇಂದು ಬೆಳಿಗ್ಗೆ ಅದನ್ನು ಬರೆದು ಮುಗಿಸಿ, ಮೂಲೆಯಿಂದ ಮೂಲೆಗೆ ಗೀಟೆಳೆದು, ಆಕೆಯ ಅಂಟಿನ ಸೀಸೆಯ ಪಕ್ಕದಲ್ಲಿ ಇಟ್ಟಿದ್ದೇನೆ.

ಬಿಡಿಸಿದರೂ ಬಿಡದ,
ತಮ್ಮ ವಿಶ್ವಾಸಿ,
ಎಡಗೆನ್ನೆಯಲ್ಲಿ ದೂರನ್ನು ಹೊತ್ತ ನಿವೃತ್ತ ಮೇಷ್ಟರು

ಮರೆತ ಮಾತು: ತಮ್ಮ ವಿಳಾಸ ಸಿಕ್ಕಿದ್ದು ಸೀಸೆಯ ಮೇಲಿನ ಚೀಟಿಯಿಂದ. ಆ ಚೀಟಿಯನ್ನು ನಾವು ನೆಲದ ಮೇಲಿಂದ ಎತ್ತಿಕೊಂಡೆವು. ಸೀಸೆ ತಂದ ಮೂರನೆಯ ದಿನವೇ ಅದು ತಾನಾಗಿ ಕಳಚಿ ಬಿದ್ದಿತ್ತು. ಅದನ್ನು ಅಂಟಿಸಲು ತಾವು ಬಳಸುವ ಅಂಟು ಯಾವುದೆಂದು ದಯವಿಟ್ಟು ತಿಳಿಸಿದರೆ, ನನ್ನ ಮುಂದಿನ ಹಸ್ತಪ್ರತಿಯನ್ನು ಅದಕ್ಕೇ ಒಪ್ಪಿಸುತ್ತೇನೆ.