ಎರಡನೇ ಗೇರಿನಲ್ಲಿ ನೂರರ ವೇಗ

ಚನ್ನಬಸವನ ಬಸ್ಸಿನಲ್ಲಿ ಪುಟ್ಟಮಾದಮ್ಮ ಹನೂರಿನಿಂದ ಕೊಳ್ಳೇಗಾಲದವರೆಗೂ ನಿದ್ದೆ ಹೊಡೆದದ್ದೇ ಎಲ್ಲಕ್ಕೂ ಮೂಲವಾಯಿತು. ಆಕಳಿಸುತ್ತ ಇಳಿದ ಮುದುಕಿ, ಎದುರಿಗೇ ನಿಂತಿದ್ದ ಬಸ್ಸಿನ ಮಾಲೀಕ ಶಿವಕುಮಾರಸ್ವಾಮಿಯವರಿಗೆ, "ಏನ್ ಬುದ್ದಿ ನಿಮ್ ಬಸ್ಸು! ಒಂದ್ ನಿದ್ದೆ ಮುಗುದ್ರೂ ಊರೇ ಬರ್ನಿಲ್ಲ" ಅಂದಳು.

ಚನ್ನಬಸವ ಬಸ್ಸು ಓಡಿಸುತ್ತಿದ್ದದ್ದು ತುಂಬಿದ ಹಾಲಿನ ಕ್ಯಾನು ಹೊತ್ತವನ ಹಾಗೆ. ಗಾಜು ಅಲುಗದು, ತಲೆ ಸರಳಿಗೆ ಬಡಿಯದು. ದಿನವೂ ಪೈಪೋಟಿಯ ಬಸ್ಸಿನ ಡ್ರೈವರ್ ಉಮೇಶನಿಗಿಂತ ಮೊದಲೇ ಕೊಳ್ಳೇಗಾಲ ಮುಟ್ಟುತ್ತಿದ್ದ. ಆದರೆ ಉಮೇಶನ ಬಸ್ಸಿನಿಂದ ಇಳಿದವರು ಸೊಂಟ ನೀವಿಕೊಳ್ಳುತ್ತ, "ಅಬ್ಬಾ, ಗಾಳಿ ಇದ್ದಂಗೆ ಬಂದ್ವಿ" ಎನ್ನುತ್ತಿದ್ದರು. ಇವನ ಬಸ್ಸಿನವರು ಆಕಳಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಹನೂರಿನಲ್ಲಿದ್ದ ಚನ್ನಬಸವನಿಗೆ ಮಾಲೀಕರ ಫೋನು ಬಂತು. "ನಾನು ಗಡಿಯಾರ ನೋಡೋನಲ್ಲ ಕಣಪ್ಪ, ಜನದ ಬಾಯಿ ನೋಡೋನು. ಇವತ್ತೂ ಯಾರಾದ್ರೂ ನಿಧಾನ ಅಂದ್ರೆ ಸ್ಟೇರಿಂಗು ಉಮೇಶನ ಕೈಗೆ. ಅವನೂ ಬತ್ತೀನಿ ಅಂತವ್ನೆ."

ಚನ್ನಬಸವ ಅದನ್ನು ತನ್ನ ಕಂಡಕ್ಟರ್‌ಗೆ ಹೇಳಿಕೊಂಡ. ಇಪ್ಪತ್ತು ವರ್ಷದ ಸೀಟು ಒಂದು ಆಕಳಿಕೆಗೆ ಹೋಗುವುದೆಂದರೇನು! ದೊಡ್ಡಸಿದ್ದಯ್ಯ ಮಾತ್ರ ನಕ್ಕುಬಿಟ್ಟ.

"ಅಣ್ಣೋ, ಜನ ಸ್ಪೀಡ್ನ ಕಣ್ಣಲ್ ನೋಡಕಿಲ್ಲ, ಸೊಂಟದಲ್ ನೋಡ್ತಾರೆ. ಎರಡನೇ ಗೇರಲ್ಲೇ ಇಟ್ಟು ತುಳಿ. ಹಾರ್ನ್ ಮೇಲಿಂದ ಕೈ ತಗೀಬ್ಯಾಡ. ಮಿಕ್ಕಿದ್ದು ನಾನ್ ನೋಡ್ಕತ್ತೀನಿ."

ಮಿಕ್ಕಿದ್ದೆಂದರೆ, ಕಿಟಕಿ ಗಾಜುಗಳ ಸಂದಿಯ ರಬ್ಬರು ಕಿತ್ತು, ಸೀಟುಗಳ ನಟ್ಟು ಸಡಿಲಿಸುವುದು.

ಬಸ್ಸು ಹೊರಟಿತು. ಎಂಜಿನ್ನು ಅರಚಿತು, ಗಾಜುಗಳು ಹಲ್ಲು ಕಡಿದವು, ತಲೆಯ ಮೇಲಿನ ಮೂಟೆಗಳು ಉರುಳಿದವು. ಸ್ಪೀಡಿನ ಮುಳ್ಳು ಮಾತ್ರ ಇಪ್ಪತ್ತೈದು ದಾಟಲಿಲ್ಲ. ಚನ್ನಬಸವನಿಗೆ ತನ್ನ ಕೈಯ ಬಗ್ಗೆ ತನಗೇ ನಾಚಿಕೆಯಾಯಿತು. ಹಿಂದಿನಿಂದ ಮಾತ್ರ ಮೆಚ್ಚುಗೆಯ ಕಿರುಚಾಟ ಕೇಳಿಬಂತು.

"ನೋಡ್ದಾ ಇವತ್ತು! ಎದೆ ಬಾಯ್ಗೇ ಬಂತು ಕಣವ್ವ!" ಎಂದು ಮುಂದಿನ ಸೀಟಿನ ಕಂಬಿ ತಬ್ಬಿಕೊಂಡ ಪುಟ್ಟಮಾದಮ್ಮ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಳು.

ಕಾಮಗೆರೆಯ ಬಳಿ, ಕ್ಯಾರಿಯರ್‌ನಲ್ಲಿ ಮೇವು ಹೇರಿಕೊಂಡ ಸೈಕಲ್ಲಿನವನೊಬ್ಬ ಇಳಿಜಾರಿನಲ್ಲಿ ಬಸ್ಸನ್ನು ಹಿಂದೆ ಹಾಕಿ ಹೋದ.

"ಪಾಪ, ನಮ್ ಬಸ್ಗೆ ಎದ್ರಿ ಓಡೋಯ್ತಾವ್ನೆ" ಎಂದರು ಯಾರೋ.

ನಿವೃತ್ತ ವಿಜ್ಞಾನ ಮೇಷ್ಟ್ರು ಶಿವಪ್ರಕಾಶ್ ಕಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕಿದರು. "ನೂರರ ಮೇಲಿದೆ. ಮನುಷ್ಯನ ದೇಹ ತಡೆಯೋದೇ ಇಷ್ಟು. ಇನ್ನೊಂಚೂರು ಹೆಚ್ಚಾದ್ರೆ ರಕ್ತ ಬೆನ್ನಿಗೆ ಹೋಗಿ ಅಂಟ್ಕೊಳ್ಳುತ್ತೆ."

ಇಡೀ ಬಸ್ಸು ಬೆನ್ನು ಮುಟ್ಟಿ ನೋಡಿಕೊಂಡಿತು. ಆ ಗಡಿಬಿಡಿಯಲ್ಲಿ ಉಮೇಶನ ಬಸ್ಸು ಪಕ್ಕದಲ್ಲೇ ದಾಟಿಹೋದದ್ದು ಯಾರಿಗೂ ಕಾಣಲಿಲ್ಲ.

ಮಧುವನಹಳ್ಳಿ ಹತ್ತಿರ ಪೊಲೀಸ್ ಸಾಹೇಬರೊಬ್ಬರು ವೇಗ ಅಳೆಯುವ ಮಿಷನ್ನು ಹಿಡಿದು ನಿಂತಿದ್ದರು. ಕೈ ಅಡ್ಡ ಹಾಕಿದರು.

"ಏನ್ರಿ, ಬಸ್ಸು ಕೆಟ್ಟಿದ್ಯಾ? ಇಪ್ಪತ್ತೈದು ತೋರಿಸ್ತಿದೆ. ಹಿಂದೆ ಎಷ್ಟು ಗಾಡಿ ಸಾಲುಗಟ್ಟಿವೆ ನೋಡಿ. ಪಕ್ಕಕ್ಕೆ ಹಾಕಿ ದಾರಿ ಬಿಡಿ."

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಪ್ರಾಣ ಕೈಯಲ್ಲಿ ಹಿಡಿದು ಬಂದವರಿಗೆ ಅವಮಾನವಾಯಿತು.

"ಇಪ್ಪತ್ತೈದಾ? ನೂರು ಸಾ!"

"ನಮ್ ಬಸ್ನ ನಿಧಾನ ಅಂತೀರಾ?"

ಮೇಷ್ಟ್ರು ಇಳಿದೇ ಬಂದರು. "ನಾನು ಮೂವತ್ತು ವರ್ಷ ವಿಜ್ಞಾನ ಹೇಳಿದವನು. ಬರೆದುಕೊಡ್ತೀನಿ, ನೂರಕ್ಕೆ ಕಡಿಮೆ ಇಲ್ಲ."

ಸಾಹೇಬರು ಮಿಷನ್ನನ್ನು ಅಂಗೈಗೆ ಎರಡು ಸಲ ಬಡಿದು ನೋಡಿದರು. ಚನ್ನಬಸವ ಸೀಟಿನಿಂದ ಇಳಿದು ಬಂದ. ಇಪ್ಪತ್ತೈದು ಅಂದರೆ ಸೀಟು ಹೋಗುತ್ತದೆ, ನೂರು ಅಂದರೆ ಲೈಸೆನ್ಸು ಹೋಗುತ್ತದೆ. ಸೀಟು ಇನ್ನೊಂದು ಬಸ್ಸಿನಲ್ಲಾದರೂ ಸಿಕ್ಕೀತು ಎಂದುಕೊಂಡು ಕೈ ಮುಗಿದ.

"ಸಾ, ಮಾದಪ್ಪನಾಣೆ ಇಪ್ಪತ್ತೈದೇ ಸಾ. ಎರಡನೇ ಗೇರಲ್ಲಿದ್ದೆ."

"ಅಯ್ಯೋ, ಎಂತಾ ಸುಳ್ಳಪ್ಪ!" ಪುಟ್ಟಮಾದಮ್ಮ ಕಿಟಕಿಯಿಂದ ಕೂಗಿದಳು. "ಸತ್ತು ಬದುಕಿವ್ನಿ ನಾನು!"

"ಬಸ್ಸು ತುಂಬ ಜನ ಸುಳ್ಳು ಹೇಳ್ತಾರಾ? ಮಿಷನ್ನು ಮೊನ್ನೆ ತಾನೇ ರಿಪೇರಿಯಿಂದ ಬಂದಿದ್ದು, ಇದನ್ನ ನಂಬೋಕಾಗಲ್ಲ" ಎಂದು ಸಾಹೇಬರು ಅತಿವೇಗದ ಕೇಸು ಹಾಕಿ ಲೈಸೆನ್ಸು ಕಿತ್ತುಕೊಂಡರು. ಲೈಸೆನ್ಸಿದ್ದ ದೊಡ್ಡಸಿದ್ದಯ್ಯನೇ ಬಸ್ಸನ್ನು ಕೊಳ್ಳೇಗಾಲ ಮುಟ್ಟಿಸಿದ.

ಅಲ್ಲಿ ಪ್ರಯಾಣಿಕರು ಇಳಿಯುತ್ತಲೇ ಮಾಲೀಕರನ್ನು ಮುತ್ತಿಕೊಂಡರು. "ನೂರು ಬುದ್ದಿ, ನೂರು! ನಿಮ್ ಡ್ರೈವರ್ ಅಂದ್ರೆ ಡ್ರೈವರು!"

ಶಿವಕುಮಾರಸ್ವಾಮಿಯವರ ಕಣ್ಣು ತುಂಬಿ ಬಂತು. ಉಮೇಶ ಆಗಲೇ ಬಂದು ಕಾಫಿ ಕುಡಿದು ಮುಗಿಸಿದ್ದನ್ನು ಕಂಡೂ ಚನ್ನಬಸವನನ್ನು ತಬ್ಬಿಕೊಂಡರು. "ನಿನ್ನ ಬಿಟ್ಟು ಇನ್ನೊಬ್ಬನ್ನ ಕೂರ್ಸಲ್ಲ ಕಣಪ್ಪ ಈ ಬಸ್ಗೆ!"

"ಲೈಸೆನ್ಸು ಓಯ್ತು ಬುದ್ದಿ."

ಮಾಲೀಕರು ತಬ್ಬಿದ ಕೈ ತೆಗೆದರು. "ಹಂಗಾದ್ರೆ ಸಿದ್ದಯ್ಯ ಓಡಿಸ್ಲಿ. ನೀನು ಟಿಕೆಟ್ ಹರಿ. ನಿನ್ ಮುಖ ಕಂಡ್ರೆ ಸಾಕು, ಸ್ಪೀಡ್ ಬಸ್ಸು ಅಂತ ಜನ ಹತ್ತುತಾರೆ."

ದೊಡ್ಡಸಿದ್ದಯ್ಯ ಅಷ್ಟರಲ್ಲಾಗಲೇ ಸೀಟನ್ನು ತನ್ನ ಕಾಲಿನ ಅಳತೆಗೆ ಮುಂದಕ್ಕೆ ಎಳೆದುಕೊಂಡಿದ್ದ. ಬೇಕೆಂದೇ ಮಾಡಿದನೋ ಕಾಣೆ, ಮುಖದಲ್ಲಿ ಮಾತ್ರ ದುಃಖವಿರಲಿಲ್ಲ.

ವಾಪಸು ಹನೂರಿಗೆ ಹೊರಟಾಗ ಹೆಗಲಿಗೆ ಚೀಲ ತಗುಲಿಸಿಕೊಂಡ ಚನ್ನಬಸವನನ್ನು ಕಂಡು ಹೆಂಗಸೊಬ್ಬಳು ಕೇಳಿದಳು. "ಯಾಕಣ್ಣ, ನಿಂಗೆ ಟಿಕೆಟ್ ಹರಿಯೋ ಗತಿ ಬಂತು?"

ನಿಜ ಹೇಳಹೊರಟವನು ಮನಸ್ಸು ಬದಲಿಸಿದ. ಅವಳಿಗೊಂದು ಟಿಕೆಟ್ ಹರಿದು ಕೊಟ್ಟು, "ಸ್ಪೀಡ್ ಜಾಸ್ತಿ ಆಗೋಯ್ತು ಕಣವ್ವ" ಅಂದ.

ಆ ದಿನ ಅವನ ಮಾತನ್ನು ಯಾರಾದರೂ ನಂಬಿದ್ದು ಅದೊಂದೇ ಸಲ.