ದೋಣಿಯಲ್ಲಿ ಬಂದವರು ಯಾರು?

ನಮ್ಮ ಅತ್ತೆ ಈ ಜನ್ಮದಲ್ಲಿ ಒಂದು ವಾದವನ್ನೂ ಸೋತವರಲ್ಲ. ನಂಬುವುದಿಲ್ಲವೇ? ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿ ಎಂದಾಗ ತಪ್ಪು ಓದಿ, ಬರೆದವನೇ ತಪ್ಪು ಬರೆದಿದ್ದಾನೆ ಎಂದು ಪಟ್ಟು ಹಿಡಿದು, ಕೊನೆಗೆ ಆ ಡಾಕ್ಟರೇ ತಮ್ಮ ಕನ್ನಡಕ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ ನೋಡುವಂತೆ ಮಾಡಿದ ಹೆಂಗಸು! ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನ ಕಂಡಕ್ಟರುಗಳು ಅತ್ತೆ ಹೇಳಿದಲ್ಲಿ ತೆಪ್ಪಗೆ ಬಸ್ಸು ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಆಗುವ ತಡ ಇನ್ನೂ ಹೆಚ್ಚು ಎಂಬುದು ಅವರ ಅನುಭವ.

ಇಂಥ ಅತ್ತೆಯ ಬಾಳಿನಲ್ಲೂ ತೀರ್ಮಾನವಾಗದ ಒಂದು ವಾದ ಉಳಿದುಬಿಟ್ಟಿತ್ತು. ಎದುರಾಳಿ ಅವರ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ನಾನು ಅವರನ್ನು ಚಿಕ್ಕತ್ತೆ ಎನ್ನುತ್ತೇನೆ.

ಹರಿಹರದ ಆ ಮನೆಯಲ್ಲಿ ಒಂದು ಪದ್ಧತಿ. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿ ಅಕ್ಕಿ ಆರಿಸುತ್ತಿದ್ದರು, ಅವರೆಕಾಯಿ ಸುಲಿಯುತ್ತಿದ್ದರು. ಒಬ್ಬರು ಮಾತ್ರ ಗಟ್ಟಿಯಾಗಿ ಕಾದಂಬರಿ ಓದಬೇಕು. ಓದುವವರಿಗೆ ಅಕ್ಕಿ, ಅವರೆ ಎರಡೂ ಮಾಫಿ! ಅತ್ತೆ ಮದುವೆಯಾಗಿ ಬಂದ ಹೊಸತರಲ್ಲೇ ಆ ಕೆಲಸ ಹಿಡಿದವರು ಇವತ್ತಿನವರೆಗೂ ಬಿಟ್ಟಿಲ್ಲ. ಅವರ ಸಾಹಿತ್ಯಪ್ರೇಮದ ಬೇರು ಎಲ್ಲಿದೆ ಎಂದು ನಾನು ಬೇರೆ ಹೇಳಬೇಕೆ?

ಒಮ್ಮೆ ಹೀಗೆ ಒಂದು ದಪ್ಪ ಕಾದಂಬರಿ ಓದುತ್ತಿದ್ದಾಗ ಮಾವ ಒಂದು ಚಳಿಯ ಮುಂಜಾನೆ ಬಚ್ಚಲ ಒಲೆ ಹೊತ್ತಿಸಲು ಅದರ ಕೊನೆಯ ಹಾಳೆಗಳನ್ನು ಹರಿದುಬಿಟ್ಟರು. ಉಳಿದ ಕಡೆಯ ಪುಟದಲ್ಲಿ ನಾಯಕಿ ತನ್ನನ್ನು ಬಿಟ್ಟುಹೋದ ನಾಯಕನಿಗಾಗಿ ಹೊಳೆಯ ದಂಡೆಯಲ್ಲಿ ಕಾಯುತ್ತಿದ್ದಾಳೆ. ಮಂಜಿನೊಳಗಿಂದ ಹುಟ್ಟು ಹಾಕುವ ಸಪ್ಪಳ. ಅಷ್ಟೇ! ಮುಂದಿನದೆಲ್ಲ ಮಾವನ ಸ್ನಾನದ ನೀರಿಗೆ ಹೋಯಿತು. ದೋಣಿಯಲ್ಲಿ ಅವನು ಬಂದೇ ಬಂದ ಎಂದು ಚಿಕ್ಕತ್ತೆ. ಕೈಕೊಟ್ಟು ಹೋದವನು ಯಾತಕ್ಕೆ ಬರುತ್ತಾನೆ, ಬರಲಿಲ್ಲ ಎಂದು ಅತ್ತೆ. ಮಕ್ಕಳು ಹುಟ್ಟಿದರು, ಮೊಮ್ಮಕ್ಕಳು ಬಂದರು, ಮಾವನೂ ತೀರಿಕೊಂಡರು. ಇವರಿಬ್ಬರ ವಾದ ಮಾತ್ರ ಮುಗಿಯಲಿಲ್ಲ.

ಕಳೆದ ವರ್ಷ ಚಿಕ್ಕತ್ತೆಯ ಕಣ್ಣು ಪೂರ್ತಿ ಹೋಯಿತು. ಆಮೇಲೆ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದರು. ಡಾಕ್ಟರು ಹೆಚ್ಚು ದಿನ ಇಲ್ಲ ಎಂದರು. ಒಂದು ದಿನ ಚಿಕ್ಕತ್ತೆ ನಗುತ್ತಲೇ ಕೇಳಿದರಂತೆ, "ಅಕ್ಕಾ, ದೋಣ್ಯಾಗೆ ಯಾರು ಬಂದ್ರು ಅಂತ ತಿಳ್ಕೊಳ್ದನೇ ಹೋಗ್ಬೇಕೇನು ನಾನು?"

ಮರುದಿನವೇ ಅತ್ತೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಬಾಗಿಲಲ್ಲಿ ಹಾಜರು. ಆ ಕಾದಂಬರಿ ಪುಸ್ತಕದಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ಊರ ಹೊರಗಿನ ವಿಶ್ವವಿದ್ಯಾಲಯದ ದೊಡ್ಡ ಲೈಬ್ರರಿಯಲ್ಲಿ ಒಂದೇ ಒಂದು ಪ್ರತಿ ಇದೆಯೆಂದು ತಿಳಿಯಿತು. ಹೊರಗಿನವರು ಆಧಾರ್ ಕಾರ್ಡು ತೋರಿಸಿ ಅಲ್ಲೇ ಕೂತು ಓದಬಹುದು, ಮನೆಗೆ ಒಯ್ಯುವಂತಿಲ್ಲ.

ಬಾಗಿಲಲ್ಲೇ ಮೊದಲ ಯುದ್ಧ. ಚೀಲ ಹೊರಗಿಡಿ ಎಂದ ಕಾವಲಿನವನಿಗೆ, ಮನೆಗೆ ಬಂದವರ ಚೀಲ ಕಸಿಯುವುದು ಯಾವ ಊರಿನ ಮರ್ಯಾದೆ ಎಂದು ಅತ್ತೆಯ ಪ್ರಶ್ನೆ. ಚೀಲದಲ್ಲಿ ಏನಿತ್ತು ಅಂತೀರಿ? ಖಾರಾ ಮಂಡಕ್ಕಿ! ಬರಿಗೈಯಲ್ಲಿ ಯಾರ ಮನೆಗೂ ಹೋಗಿ ಗೊತ್ತಿಲ್ಲದ ಜೀವ ಅದು. ಚೀಲ ಹೊರಗೇ ಉಳಿಯಿತು, ನಿಜ. ಆದರೆ ನಾವು ವಾಪಸು ಬರುವಾಗ ಮಂಡಕ್ಕಿ ಖಾಲಿಯಾಗಿತ್ತು, ಕಾವಲಿನವನು ಅತ್ತೆಯನ್ನು "ಅವ್ವಾ" ಎನ್ನುತ್ತಿದ್ದ. ಇದನ್ನು ಸೋಲು ಎನ್ನುತ್ತೀರಾ?

ಒಳಗೆ ಪುಸ್ತಕ ಕೈಗೆ ಬಂತು. ನೇರ ಕೊನೆಯ ಪುಟ ನೋಡಿಬಿಡಿ ಅತ್ತೆ ಎಂದೆ. ಊಟಕ್ಕೆ ಕೂತ ಕೂಡಲೇ ಯಾರಾದರೂ ಮಜ್ಜಿಗೆ ಅನ್ನ ಕೇಳುತ್ತಾರೇನೋ ಎಂದು ಗದರಿಸಿ ಮೊದಲ ಪುಟ ತೆರೆದರು. ತೆರೆದವರೇ ಪಡಸಾಲೆಯ ದನಿಯಲ್ಲಿ ಶುರು ಮಾಡಿಬಿಟ್ಟರು! ಪರೀಕ್ಷೆಗೆ ಓದುತ್ತಿದ್ದ ಹುಡುಗರೆಲ್ಲ ಬೆಚ್ಚಿ ತಲೆ ಎತ್ತಿದರು. ಲೈಬ್ರೇರಿಯನ್ ಮೇಡಂ ಓಡಿಬಂದರು.

"ಅಮ್ಮಾ, ಇಲ್ಲಿ ಮನಸ್ಸಿನಾಗೆ ಓದ್ಬೇಕ್ರಿ."

"ಮನಸ್ಸಿನಾಗೆ ಓದೋದು ಅಂದ್ರೆ ಬಾಗ್ಲು ಹಾಕ್ಕೊಂಡು ಒಬ್ಬಳೇ ಉಂಡಂಗೆ ಕಣಮ್ಮ. ನಮ್ಮ ಕಡೆ ಆ ರೂಢಿ ಇಲ್ಲ."

ಮೇಡಂ ಸೋತು, ನಮ್ಮನ್ನು ಹಳೆಯ ಪತ್ರಿಕೆಗಳ ಕಪಾಟಿನ ಹಿಂದಿನ ಮೂಲೆಗೆ ದಾಟಿಸಿದರು. ವಾರವಿಡೀ ಅಲ್ಲಿ ಓದು ನಡೆಯಿತು. ಎರಡು ದಿನ ಕಳೆಯುವಷ್ಟರಲ್ಲಿ ಎಂ.ಎ. ಓದುವ ಇಬ್ಬರು ಹುಡುಗಿಯರು ಏನೋ ಹುಡುಕುವ ನೆಪದಲ್ಲಿ ಆ ಕಪಾಟಿನ ಹತ್ತಿರವೇ ಠಿಕಾಣಿ ಹೂಡಿದರು. ಅವರ ಕೈಗೆ ಆರಿಸಲು ಅಕ್ಕಿ ಕೊಡುವುದೊಂದು ಬಾಕಿ ಇತ್ತು.

ಹುಟ್ಟಿನ ಸಪ್ಪಳದ ಪುಟ ಬಂದ ದಿನ ಅತ್ತೆ ಪುಸ್ತಕ ಮುಚ್ಚಿಬಿಟ್ಟರು. ಇಲ್ಲಿಂದ ಮುಂದೆ ತಾನೊಬ್ಬಳೇ ತಿಳಿದುಕೊಂಡು ಆಮೇಲೆ ವಾರಗಿತ್ತಿಗೆ ಹೇಳಿದರೆ ಅದು ಎಂಜಲಾಗುತ್ತದೆ ಎಂದರು. ಪುಸ್ತಕ ಹಳೆಯದು, ಬೈಂಡಿಂಗ್ ಕಿತ್ತುಹೋಗುತ್ತದೆಂದು ಜೆರಾಕ್ಸಿಗೆ ಮೇಡಂ ಒಪ್ಪಲಿಲ್ಲ. ಫೋಟೋಕ್ಕೆ ಮೇಡಂ ಒಪ್ಪಿದರು, ಅತ್ತೆ ಒಪ್ಪಲಿಲ್ಲ. ಪುಸ್ತಕ ಕೈಯಲ್ಲಿಲ್ಲದೆ ಅವರಿಗೆ ದನಿಯೇ ಏಳುವುದಿಲ್ಲವಂತೆ! ಕೊನೆಗೆ ಹರಿಹರಕ್ಕೆ ಫೋನ್ ಹಚ್ಚಿಸಿದರು. ಅಲ್ಲಿ ಸೊಸೆ ಚಿಕ್ಕತ್ತೆಯ ದಿಂಬಿನ ಪಕ್ಕ ಫೋನ್ ಇಟ್ಟಳು. ಇಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡರು. ಫೋನ್ ಕಂಡು ಸಿಟ್ಟಿನಿಂದ ಬಂದ ಮೇಡಂ ಅತ್ತೆಯ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತರು.

ನಾನು ಪಕ್ಕದಲ್ಲೇ ಕೂತು ಪುಟ ನೋಡುತ್ತಿದ್ದೆ. ಮಂಜು ಸರಿಯಿತು. ದೋಣಿ ದಡ ಮುಟ್ಟಿತು. ಅತ್ತೆಯ ದನಿ ಒಂದು ಗಳಿಗೆ ನಿಂತಿತು. ದೋಣಿಯಲ್ಲಿ ಅಂಬಿಗನೊಬ್ಬನೇ ಇದ್ದ, ಬೇರೆ ಯಾರೂ ಬಂದಿರಲಿಲ್ಲ ಎಂದು ಅಲ್ಲಿ ಅಚ್ಚಾಗಿತ್ತು. ನಮ್ಮ ಅತ್ತೆ ಗೆದ್ದಿದ್ದರು!

ಅತ್ತೆ ಪುಟದಿಂದ ಕಣ್ಣೆತ್ತದೆ ಓದಿದರು. "ದೋಣಿಯಿಂದ ಅವನು ಇಳಿದ. ಅವಳ ಹತ್ತಿರ ಬಂದು, ತಡವಾಯಿತು ಎಂದ."

ಆ ಕಡೆಯಿಂದ ಚಿಕ್ಕತ್ತೆಯ ಸಣ್ಣ ದನಿ, "ನಾ ಹೇಳಿರ್ಲಿಲ್ಲೇನಕ್ಕಾ?"

"ಹೂಂ ಕಣೇ. ನೀನೇ ಗೆದ್ದಿ. ನಾ ಸೋತೆ."

ಮೇಡಂ ಪುಸ್ತಕ ತೆಗೆದುಕೊಳ್ಳುವಾಗ ಆ ಪುಟದ ಮೇಲೆ ಕಣ್ಣಾಡಿಸಿದರು. ಅತ್ತೆಯ ಕೈ ಹಿಡಿದುಕೊಂಡು ಬಾಗಿಲವರೆಗೂ ಬಂದರು. ಬಸ್ಸಿನಲ್ಲಿ ಅತ್ತೆ, ಬಾಯಿ ಬಿಟ್ಟರೆ ನೋಡು ಎಂದು ನನಗೆ ತಾಕೀತು ಮಾಡಿದರು.

ಸಂಜೆ ಹರಿಹರದಲ್ಲಿ ಅತ್ತೆ ಚಹಾ ಮಾಡಲು ಒಳಗೆ ಹೋದಾಗ ಚಿಕ್ಕತ್ತೆ ತಡಕಾಡಿ ನನ್ನ ಕೈ ಹಿಡಿದರು.

"ಅವ್ನು ಬರ್ಲಿಲ್ಲ, ಹೌದಲ್ಲೇನು?"

ನಾನು ಅವರ ಹೊದಿಕೆ ಸರಿಮಾಡಿದೆ. ಅತ್ತೆ ಚಹಾ ತಂದು ಅವರಿಗೆ ಕುಡಿಸಿದರು. ನಾನೂ ಕುಡಿದೆ. ಪಾಯಸದಷ್ಟು ಸಿಹಿಯಾಗಿತ್ತು.

"ಅಕ್ಕಾ, ಸಕ್ರೇನೇ ಹಾಕಿಲ್ಲಲ್ಲ," ಎಂದರು ಚಿಕ್ಕತ್ತೆ.

ಈಗ ವಾದ ಶುರುವಾಯಿತು ಎಂದುಕೊಂಡೆ. ಅತ್ತೆ ತುಟಿ ಪಿಟಕ್ಕೆನ್ನದೆ ಎದ್ದು ಸಕ್ಕರೆ ಡಬ್ಬಿ ತರಲು ಹೋದರು. ಚಿಕ್ಕತ್ತೆಯ ಕಾಣದ ಕಣ್ಣು ತುಂಬಿಬಂತು.

"ನೋಡಿದೇನು? ಜಗಳಾನೇ ಆಡ್ಲಿಲ್ಲ. ನಾ ಹೋಗೋದು ಅವಳಿಗೂ ಖಾತ್ರಿ ಆಗೈತೆ. ಅವ್ನು ಬರ್ಲಿಲ್ಲ ಅನ್ನೋದು ನಂಗೆ ಗೊತ್ತೈತೆ ಅಂತ ಅವಳಿಗೆ ನೀನು ಹೇಳಬ್ಯಾಡ."